ತಣ್ಣಗಾದ ರಿವೆಟ್

ಕೀಲ್ ಎಂಬ ಊರು. ಅಲ್ಲಿ ಥೀಡೆ ಬ್ರೋಡರ್ಸನ್
ತಗಡಿಗೆ ತಗಡು ಕೂಡಿಸಿ ಕೀಲು ಬಡಿಯುವವನು.
ಕುಲುಮೆಯ ಹುಡುಗ ಡೆಟ್ಲೆಫ್ ಇಕ್ಕಳದಿಂದೆಸೆದ ಕೆಂಡದ ಮೊಳೆ
ಗಾಳಿಯಲ್ಲಿ ಕಮಾನು ಬರೆದು ಡಬ್ಬಕ್ಕೆ ಬಿದ್ದದ್ದೇ
ಹೆಕ್ಕಬೇಕು, ತೂತಿಗಿಡಬೇಕು,
ಆಚೆಯವನು ಒತ್ತಿ ಹಿಡಿದಿರುವಾಗ ಈಚೆಯಿಂದ ಎಂಟು ಏಟು.
ಒಂಬತ್ತನೆಯದಕ್ಕೆ ಕಬ್ಬಿಣ ಕಪ್ಪಾಗಿರುತ್ತದೆ,
ಮಾತು ಕೇಳುವುದಿಲ್ಲ.

ಇದು ಹಡಗಲ್ಲ, ಎಂದಿದ್ದ ಮೇಸ್ತ್ರಿ.
ಹಡಗನ್ನು ಮುಳುಗದಿರಲೆಂದು ಕಟ್ಟುತ್ತೇವೆ,
ಇದನ್ನು ಮುಳುಗಲೆಂದು. ಮತ್ತೆ ಏಳಲೆಂದು.
ಏಳುವುದರ ಬಗ್ಗೆ ಎಂಜಿನಿಯರುಗಳು
ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

ನವೆಂಬರಿನ ಒಂದು ಇಳಿಹೊತ್ತು,
ಹಿಂಬದಿಯ ಟಾರ್ಪೆಡೊ ಕೊಳವೆಯ ಕೆಳಗೆ,
ಮೂರನೇ ಸಾಲಿನ ಹನ್ನೊಂದನೆಯದು ಕೈಯಲ್ಲಿದ್ದಾಗ
ಗೇಟಿನಿಂದ ಯಾರೋ ಕೂಗಿದರು: ನಿನ್ನ ಮಗಳಿಗೆ ಗಂಟಲಮಾರಿ!
ತಿರುಗಿದ. ಮತ್ತೆ ಇತ್ತ ತಿರುಗುವಷ್ಟರಲ್ಲಿ
ತೂತಿನೊಳಗೆ ಬೆಂಕಿ ಸತ್ತಿತ್ತು.
ಹೊಡೆದ. ತಲೆ ಅರಳಿತು,
ಒಡಲು ತುಂಬಿತೋ ಇಲ್ಲವೋ.

ಮರುದಿನ ತನಿಖೆಯವನು ಸುತ್ತಿಗೆ ತಟ್ಟುತ್ತ ಬಂದ,
ಠಣ್, ಠಣ್, ಠಣ್,
ಹನ್ನೊಂದನೆಯದರ ಮೇಲೆ ತಟ್ಟುವುದಕ್ಕೂ
ಊಟದ ಸೈರನ್ ಕೂಗುವುದಕ್ಕೂ ಸರಿಹೋಯಿತು.
ಸೀಮೆಸುಣ್ಣದಲ್ಲೊಂದು ಗೆರೆ ಎಳೆದು ಹೊರಟುಹೋದ.

ಮಗಳು ಬದುಕಿದಳು. ಅದು ಬೇರೆ ಮಾತು.
ಬೇರೆಯೇ?

ನೀರಿಗಿಳಿದ ಮೇಲೆ ತಿಳಿಯಿತು ಅದರ ಚಂದ:
ಸೀಮೆಎಣ್ಣೆಯ ಎಂಜಿನ್ನು,
ಹಗಲಿಗೆ ಮೈಲುಗಟ್ಟಲೆ ಬಿಳಿ ಹೊಗೆ, ಇರುಳಿಗೆ ಕಿಡಿ.
ಅಡಗಲೆಂದೇ ಹುಟ್ಟಿದ ಪ್ರಾಣಿಗೆ
ಎಂಥ ಬಾಲ!

ಯುದ್ಧ ಬಂತು. ಮೀಸೆ ಮೂಡಿದ ಡೆಟ್ಲೆಫ್
ಅದೇ ದೋಣಿಯ ಎಂಜಿನ್ನಿಗೆ ಕೈಯಾಳು.
ನಾವೇ ಕಟ್ಟಿದ್ದಲ್ಲವೇ, ಇನ್ನೇನು ಭಯ? ಎಂದ.
ಥೀಡೆ ಹೇಳಬೇಕೆಂದಿದ್ದ;
ಹೊಗೆಸೊಪ್ಪಿನ ಪೊಟ್ಟಣ ಕೈಗಿಟ್ಟ.

ಊರಿಗೆ ಊರೇ ಗೆಲುವು ಬೇಡುವಾಗ
ಅವನದು ಒಂದು ಮೊಳೆಯಷ್ಟು ಪ್ರಾರ್ಥನೆ:
ನಿಲ್ಲಲಿ.
ಚರ್ಚಿನ ಗಂಟೆಯನ್ನೂ ಕರಗಿಸಲು ಇಳಿಸಿಕೊಂಡು ಹೋದರು,
ಬ್ರೆಡ್ಡಿನ ಜಾಗಕ್ಕೆ ಟರ್ನಿಪ್ ಬಂತು,
ಆಗಲೂ ಅದೇ: ನಿಲ್ಲಲಿ.

ರಜೆಗೆ ಬಂದ ಡೆಟ್ಲೆಫ್ ಹೆಚ್ಚು ಉಣ್ಣಲಿಲ್ಲ.
ಆಳಕ್ಕಿಳಿದರೆ ಗೋಡೆ ನರಳುತ್ತದೆ, ಎಂದ.
ಮೊಳೆಗಳ ತಲೆಯಿಂದ ಮುಖಕ್ಕೆ ಹನಿ ಬೀಳುತ್ತದೆ.
ನಮ್ಮದೇ ಉಸಿರು ಅದು, ತಣ್ಣಗೆ ನೀರಾದದ್ದು.
ಆದರೂ ಪ್ರತಿ ಸಲ ನೆಕ್ಕಿ ನೋಡುತ್ತೇನೆ,
ಉಪ್ಪಿದೆಯೋ ಎಂದು.

ಆಮೇಲೆ, ಕಿಟಕಿಯತ್ತ ನೋಡುತ್ತ:
ಒಂದು ಕಲ್ಲಿದ್ದಲು ಹಡಗು.
ದೋಣಿಗಿಳಿಯಲು ನಾವು ಹೊತ್ತು ಕೊಟ್ಟೆವು,
ಅಲೆ ಕೊಡಲಿಲ್ಲ.
ಹದಿನಾಲ್ಕು ಜನ. ಒಬ್ಬನ ಕೈಯಲ್ಲಿ
ಚಹಾದ ಕೆಟಲಿತ್ತು. ಅದನ್ನೇಕೆ ತಂದನೋ.

ಆ ರಾತ್ರಿ ಥೀಡೆಗೆ
ಬೇಡುವ ಮಾತು ಗಂಟಲಲ್ಲೇ ಉಳಿಯಿತು.
ನಿಲ್ಲಲಿ ಎಂದದ್ದು ಅವನೇ. ನಿಂತಿತ್ತಲ್ಲ.

ಡೆಟ್ಲೆಫ್ ಸತ್ತದ್ದು ನೀರಲ್ಲಲ್ಲ,
ಕೊನೆಯ ವರ್ಷದ ಶರತ್ಕಾಲ, ಆಸ್ಪತ್ರೆಯ ಓಣಿಯಲ್ಲಿ,
ಆ ಹೊಸ ಜ್ವರಕ್ಕೆ.

ಗೆದ್ದವರು ಹೇಳಿದರು: ಒಡೆಯಿರಿ.
ಕಟ್ಟಿದ ಕೈಗೇ ಒಡೆಯುವ ಕೂಲಿ,
ಗಂಟೆಗೆ ಇಷ್ಟೆಂದು, ದುಡ್ಡಿಗೆ ಬೆಲೆಯಿಲ್ಲದ ಕಾಲ.
ಮೊಣಕಾಲೂರಿ ಕೊಳವೆಯ ಕೆಳಗೆ ತೂರಿದ ಥೀಡೆ,
ದೀಪ ಹಿಡಿದು ಎಣಿಸಿದ.
ಒಂಬತ್ತು, ಹತ್ತು ಎರಡೇಟಿಗೆ ಉದುರಿದವು.
ಹನ್ನೊಂದನೆಯದು ಅಲ್ಲಾಡಲಿಲ್ಲ.

ಉಳಿ ಎರಡು ಸಲ ಮೊಂಡಾಯಿತು.
ಕಡೆಗೆ ಕಿತ್ತು ನೋಡಿದರೆ
ಅವನ ಏಟು ತುಂಬದ ಜಾಗವನ್ನು
ಸಮುದ್ರ ಎಂದೋ ಒಳಬಂದು
ತುಕ್ಕಿನಿಂದ ತುಂಬಿ ಹೋಗಿತ್ತು.

ಯಾರಿಗೂ ಕಾಣದಂತೆ ನಾಲಿಗೆಗೆ ತಾಗಿಸಿದ.

ಮಗಳು ಈಗ ಹೊಲಿಗೆಯವಳು.
ಅಳತೆಯ ಕಾಗದ ಹಾರದಿರಲೆಂದು
ಮೇಜಿನ ಮೇಲೆ ಅದನ್ನಿಡುತ್ತಾಳೆ.
ಇದೇನಪ್ಪಾ, ಎಂದು ಒಮ್ಮೆ ಕೇಳಿದಳು.
ಭಾರ, ಎಂದ.